ನಿಮ್ಮ ಬೆನ್ನಿನ ಮೇಲೆ ಯಾರ ಕೈ?

ಪ್ರಶ್ನೆ: ನನಗೆ ಐವತ್ತೆರಡು ವರ್ಷ. ಆಲೂರು ಹತ್ತಿರ ಹತ್ತಿ, ಶೇಂಗಾ ಬೆಳೆಯುತ್ತೇವೆ. ಸೊಂಟದಿಂದ ಎಡಗಾಲಿನ ಮೀನಖಂಡದವರೆಗೂ ನೋವು ಎಳೆಯುತ್ತದೆ. ಬಳ್ಳಾರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆ, ಡಿಸ್ಕ್ ಜಾರಿದೆ ಎಂದರು. ಅಮೆರಿಕದಲ್ಲಿರುವ ತಂಗಿಯ ಮಗ ಫೋನ್ ಮಾಡಿ, ‘ಮಾಮಾ, ನಾನು ತೋರಿಸೋ ಡಾಕ್ಟರ್ ಆಸ್ಟಿಯೋಪತಿಯವರು, ನೀನೂ ಅದನ್ನೇ ಮಾಡಿಸು’ ಎನ್ನುತ್ತಾನೆ. ಇತ್ತ ಒಂದು ಕಡೆ ‘ಆಪರೇಷನ್ ಇಲ್ಲದೆ ಗುಣ, ಆಸ್ಟಿಯೋಪತಿ ಮತ್ತು ಆಯುರ್ವೇದ, ಇಂಟಿಗ್ರೇಟಿವ್ ಚಿಕಿತ್ಸೆ’ ಎಂಬ ಬೋರ್ಡು ನೋಡಿದೆ. ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಬೇಕಂತೆ. ನನಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಮಾಡಿಸಬಹುದೇ? ಅವ್ವನಿಗೆ ಕುತ್ತಿಗೆ ನೋವು, ಅವಳನ್ನೂ ಕರೆದುಕೊಂಡು ಹೋಗಲೇ?
(ಓದುಗರೊಬ್ಬರು, ಆಲೂರು)

ಉತ್ತರ: ಮುಂಗಡ ಈಗಲೇ ಕಟ್ಟಬೇಡಿ. ನಿಮ್ಮ ಅಳಿಯ ಹೇಳುವ ಡಾಕ್ಟರ್ ಮತ್ತು ನೀವು ನೋಡಿದ ಬೋರ್ಡಿನ ಹಿಂದೆ ಕೂತಿರುವವರು ಒಂದೇ ಓದು ಓದಿದವರಲ್ಲ. ಮೊದಲು ಇದು ತಿಳಿದಿರಲಿ.

ಅಮೆರಿಕದಲ್ಲಿ ಡಿ.ಓ. ಎಂದು ಹೆಸರಿನ ಮುಂದೆ ಬರೆದುಕೊಳ್ಳುವವರು ಪೂರ್ತಿ ವೈದ್ಯರು. ಎಂ.ಡಿ. ಓದಿದವರಂತೆಯೇ ವೈದ್ಯಕೀಯ ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತು, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಹೆರಿಗೆ ಮಾಡಿಸುತ್ತಾರೆ. 1973ರ ಹೊತ್ತಿಗೆ ಅಲ್ಲಿನ ಐವತ್ತೂ ರಾಜ್ಯಗಳು ಅವರಿಗೆ ಪೂರ್ಣ ಪರವಾನಗಿ ಕೊಟ್ಟಿದ್ದವು. ಇದಲ್ಲದೆ ಸುಮಾರು ಇನ್ನೂರು ಗಂಟೆಗಳ ಕಾಲ ಕೈಯಿಂದ ಕೀಲು, ಸ್ನಾಯುಗಳಿಗೆ ಚಿಕಿತ್ಸೆ ಮಾಡುವುದನ್ನು ಕಲಿತಿರುತ್ತಾರೆ. ವಿಶೇಷವೆಂದರೆ, ಅವರಲ್ಲಿ ಬಹಳ ಮಂದಿ ಈ ಕೈವಿದ್ಯೆಯನ್ನು ದಿನನಿತ್ಯದ ಕೆಲಸದಲ್ಲಿ ಬಳಸುವುದೇ ಅಪರೂಪ. ನಿಮ್ಮ ಅಳಿಯ ಅಲ್ಲಿ ಜ್ವರಕ್ಕೋ ಬಿ.ಪಿ.ಗೋ ಡಿ.ಓ. ಬಳಿ ಹೋದರೆ ಅವನಿಗೆ ಸಿಗುವುದು ಬಹುಮಟ್ಟಿಗೆ ನೀವು ಬಳ್ಳಾರಿಯಲ್ಲಿ ಪಡೆಯುವಂಥದೇ ಚಿಕಿತ್ಸೆ.

ಇಂಗ್ಲೆಂಡಿನಲ್ಲಿ ಲೆಕ್ಕ ಬೇರೆ. ಅಲ್ಲಿ ಆಸ್ಟಿಯೋಪಾತ್ ಎಂದರೆ ಕೈಚಿಕಿತ್ಸೆ ಮಾತ್ರ ಮಾಡುವವರು. 1993ರಲ್ಲಿ ಅವರಿಗಾಗಿಯೇ ಕಾಯಿದೆ ಬಂತು, ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವುದೇ ಅಪರಾಧ. ನಮ್ಮ ದೇಶದಲ್ಲಿ ಆಸ್ಟಿಯೋಪತಿಗೆ ತನ್ನದೇ ಆದ ಕೌನ್ಸಿಲ್ ಇಲ್ಲ. ಆಯುಷ್ ಸಚಿವಾಲಯದ ಅಡಿಯಲ್ಲಿರುವ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪತಿಗಳ ಸಾಲಿನಲ್ಲೂ ಅದು ಸೇರಿಲ್ಲ. ಒಡಿಶಾದ ಶ್ರೀ ಶ್ರೀ ವಿಶ್ವವಿದ್ಯಾಲಯದಲ್ಲಿ ಅದರ ಪದವಿ ತರಗತಿಗಳಿವೆ. ಫಿಜಿಯೋಥೆರಪಿ ಓದಿ, ಮೇಲೆ ವಿದೇಶದಲ್ಲೋ ಇಲ್ಲೋ ಆಸ್ಟಿಯೋಪತಿ ಕಲಿತ ಒಳ್ಳೆಯ ಕೈಗಳೂ ಇವೆ. ಹಾಗೆಯೇ ವಾರದ ಶಿಬಿರದಲ್ಲಿ ಕಲಿತು ಸರ್ಟಿಫಿಕೇಟ್ ತೂಗುಹಾಕಿದವರೂ ಅದೇ ಬೋರ್ಡು ಬರೆಸಬಹುದು. ರೋಗಿಯ ಕಣ್ಣಿಗೆ ಎರಡೂ ಒಂದೇ ತರ ಕಾಣುವುದೇ ತೊಂದರೆ.

ಈ ವಿದ್ಯೆ ಹುಟ್ಟಿದ ಬಗೆ ತಿಳಿದರೆ ನಿಮಗೆ ಅದು ಅಷ್ಟು ಪರಕೀಯವೆನಿಸದು. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಅಮೆರಿಕದ ವೈದ್ಯ 1864ರಲ್ಲಿ ಮೆದುಳು ಪೊರೆಯ ಜ್ವರಕ್ಕೆ ತನ್ನ ಮೂವರು ಮಕ್ಕಳನ್ನು ಕಳೆದುಕೊಂಡ. ಆ ಕಾಲದ ವೈದ್ಯರ ಚೀಲದಲ್ಲಿ ಇದ್ದದ್ದು ಪಾದರಸದ ಭೇದಿ ಪುಡಿ, ಅಫೀಮು, ಮದ್ಯ ಇಂಥವೇ. ಅವುಗಳ ಮೇಲೆ ಅವನಿಗೆ ನಂಬಿಕೆ ಹೋಯಿತು. ಮೂಳೆ, ಕೀಲುಗಳನ್ನು ಸರಿಪಡಿಸಿದರೆ ದೇಹ ತಾನೇ ಗುಣವಾಗುತ್ತದೆ ಎಂದು 1874ರಲ್ಲಿ ಸಾರಿದ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಅದಕ್ಕೂ ಮೊದಲು ಊರೂರು ತಿರುಗುವಾಗ ಮಿಂಚಿನ ವೇಗದಲ್ಲಿ ಮೂಳೆ ಕೂರಿಸುವವ ಎಂದು ತನ್ನನ್ನು ತಾನು ಕರೆದುಕೊಳ್ಳುತ್ತಿದ್ದ. ನಿಮ್ಮ ಕಡೆ ಕೈಕಾಲು ಮುರಿದರೆ ‘ಪುತ್ತೂರು ಕಟ್ಟು’ ಹಾಕಿಸಲು ಹೋಗುವವರು ಇಂದಿಗೂ ಇದ್ದಾರಲ್ಲ, ಆ ಪರಂಪರೆಗೆ ಇವನೂ ದೂರದ ಬಳಗ. ಅಮೆರಿಕದ ಆಸ್ಟಿಯೋಪತಿ ಆಮೇಲೆ ಅಂಗರಚನೆ, ಎಕ್ಸ್‌ರೇ, ಔಷಧಶಾಸ್ತ್ರ ಎಲ್ಲವನ್ನೂ ಒಳಗೆ ಬಿಟ್ಟುಕೊಂಡು ಬೆಳೆಯಿತು. ಹಾಗೆ ಬಿಟ್ಟುಕೊಂಡದ್ದರಿಂದಲೇ ಅದು ಉಳಿಯಿತು ಎಂಬುದು ನನ್ನ ಅಭಿಪ್ರಾಯ.

ಈಗ ಆ ಮೇಜಿನ ಮೇಲೆ ನಡೆಯುವುದೇನು? ಚೆನ್ನಾಗಿ ಕಲಿತವರು ಮೊದಲು ನಿಮ್ಮನ್ನು ನಡೆಸಿ, ಬಗ್ಗಿಸಿ ನೋಡುತ್ತಾರೆ. ಅಂಗಾತ ಮಲಗಿಸಿ ಮೊಣಕಾಲು ಮಡಚದಂತೆ ನೋವಿರುವ ಕಾಲನ್ನು ನಿಧಾನವಾಗಿ ಎತ್ತುತ್ತಾರೆ. ಸ್ವಲ್ಪ ಎತ್ತುವಷ್ಟರಲ್ಲೇ ನೋವು ಸೊಂಟದಿಂದ ಪಾದದ ಕಡೆಗೆ ಸರ್ರನೆ ಹರಿದರೆ ನರದ ಬುಡ ಒತ್ತಿಗೆ ಸಿಕ್ಕಿರಬಹುದು. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ, ತಾವು ಅದನ್ನು ಕೆಳಗೆ ಒತ್ತಿ ಬಲ ನೋಡುತ್ತಾರೆ. ಆಮೇಲೆ ಚಿಕಿತ್ಸೆ. ಒಂದು ಬಗೆ ಹೀಗಿರುತ್ತದೆ: ನಿಮ್ಮ ಕಾಲನ್ನು ಒಂದು ಹದದಲ್ಲಿ ಹಿಡಿದು, ‘ನನ್ನ ಕೈಯನ್ನು ಮೆಲ್ಲಗೆ ತಳ್ಳಿ’ ಎನ್ನುತ್ತಾರೆ. ಐದಾರು ಸೆಕೆಂಡು ತಳ್ಳಿ ಸಡಿಲ ಬಿಟ್ಟಾಗ ಸ್ನಾಯು ಸ್ವಲ್ಪ ಬಿಗಿ ಬಿಡುತ್ತದೆ, ಆಗ ಕಾಲನ್ನು ಇನ್ನೊಂದಿಷ್ಟು ಚಾಚಿಸುತ್ತಾರೆ. ಇನ್ನೊಂದು ಬಗೆ ಮಗ್ಗುಲಿಗೆ ಮಲಗಿಸಿ ಸೊಂಟವನ್ನು ಒಮ್ಮೆಗೇ ತಿರುವುವುದು. ಆಗ ಲಟಕ್ಕೆಂದು ಶಬ್ದ ಬರುತ್ತದೆ. ಆ ಶಬ್ದ ಕೇಳಿ ಜಾರಿದ ಡಿಸ್ಕ್ ತನ್ನ ಜಾಗಕ್ಕೆ ಹೋಗಿ ಕೂತಿತು ಎಂದು ಬಹಳ ಜನ ನಂಬುತ್ತಾರೆ. ಅದು ಕೀಲಿನ ದ್ರವದಲ್ಲಿ ಗಾಳಿಗುಳ್ಳೆಯ ಸದ್ದು, ಬೆರಳಿನ ನೆಟಿಗೆ ತೆಗೆದಾಗ ಬರುವಂಥದೇ. ಡಿಸ್ಕನ್ನು ಕೈಯಿಂದ ಒತ್ತಿ ಒಳಗೆ ಕೂರಿಸಲು ಆಗುವುದಿಲ್ಲ. ಹಾಗೆ ಕೂರಿಸುತ್ತೇನೆ ಎಂದವರ ಬಳಿ ಮತ್ತೆ ಹೋಗಬೇಡಿ.

ಅಷ್ಟಕ್ಕೂ ಸ್ಕ್ಯಾನಿಂಗ್ ವರದಿ ನೋಡಿ ಎದೆಗುಂದಬೇಡಿ. ಯಾವ ನೋವೂ ಇಲ್ಲದವರ ಬೆನ್ನಿನ ಸ್ಕ್ಯಾನಿಂಗ್‌ಗಳನ್ನು ಒಟ್ಟುಮಾಡಿ 2015ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ ಐವತ್ತು ವಯಸ್ಸಿನವರಲ್ಲಿ ಶೇ. 60ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದು ಕಂಡಿತ್ತು. ನಿಜವಾಗಿ ಹೊರಚಾಚಿದ ಡಿಸ್ಕ್ ಕೂಡ ಎಷ್ಟೋ ಜನರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿ ಕುಗ್ಗುತ್ತದೆ. ಆದ್ದರಿಂದ ‘ಆಪರೇಷನ್ ತಪ್ಪಿಸಿದೆವು’ ಎನ್ನುವವರಿಗೆ ನೀವು ಕೇಳಬೇಕಾದ್ದು, ನನಗೆ ಆಪರೇಷನ್ ಬೇಕೆಂದು ಹೇಳಿದವರು ಯಾರು ಎಂದು.

ಕೈಚಿಕಿತ್ಸೆಯಿಂದ ಉಪಯೋಗವಿದೆಯೇ? ಕೆಲವರಿಗೆ, ಸ್ವಲ್ಪ ಮಟ್ಟಿಗೆ, ಇದೆ. 1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ ಸೊಂಟನೋವಿನವರಿಗೆ ಮಾಮೂಲಿ ಚಿಕಿತ್ಸೆಯಲ್ಲೂ ಆಸ್ಟಿಯೋಪತಿಯಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದ ಗುಣ ಕಂಡಿತು, ಆಸ್ಟಿಯೋಪತಿ ಪಡೆದವರು ತೆಗೆದುಕೊಂಡ ಮಾತ್ರೆ ಮಾತ್ರ ಕಡಿಮೆ. ಸಕ್ಕರೆ, ಬಿ.ಪಿ. ಇದ್ದು ಮೂತ್ರಪಿಂಡದ ಮೇಲೆ ಮೊದಲೇ ಭಾರವಿರುವ ನಿಮ್ಮಂಥವರಿಗೆ ನೋವಿನ ಮಾತ್ರೆ ಕಡಿಮೆಯಾಗುವುದು ಸಣ್ಣ ಲಾಭವಲ್ಲ. 2021ರಲ್ಲಿ ಫ್ರಾನ್ಸಿನಲ್ಲಿ 400 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ಸುಮ್ಮನೆ ಮೈಮೇಲೆ ಕೈಯಿಟ್ಟು ಚಿಕಿತ್ಸೆಯಂತೆ ತೋರಿಸುವುದು ಹೀಗೆ ಮಾಡಿ ನೋಡಿದರು. ನಿಜವಾದ ಚಿಕಿತ್ಸೆ ಪಡೆದವರಿಗೆ ದಿನದ ಕೆಲಸ ಮಾಡಿಕೊಳ್ಳುವುದು ತುಸು ಸಲೀಸಾಗಿತ್ತು, ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ 2016ರಲ್ಲಿ ಇನ್ನೂ ನೇರವಾಗಿ ಹೇಳಿತು: ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೇ ಕೊಡಬೇಕು, ಅದೊಂದನ್ನೇ ಕೊಡಬಾರದು. ಮೇಜಿನ ಮೇಲೆ ಮಲಗಿ ಎದ್ದು ಬಂದು, ಮಾರನೇ ದಿನ ಹತ್ತಿ ಅಂಡಿಗೆ ಎತ್ತಲು ಹೋದರೆ ಇಪ್ಪತ್ತಲ್ಲ, ನಲವತ್ತು ಸಿಟ್ಟಿಂಗ್ ಆದರೂ ಫಲವಿಲ್ಲ. ಶೇಂಗಾ ಕೀಳುವಾಗ ಇಡೀ ದಿನ ಸೊಂಟ ಬಗ್ಗಿಸಿಯೇ ಇರುತ್ತೀರಿ. ಗಂಟೆಗೊಮ್ಮೆ ನೆಟ್ಟಗೆ ನಿಂತು ಹಿಂದಕ್ಕೆ ಬಾಗುವುದು, ಹೊರೆ ಎತ್ತುವಾಗ ಮೊಣಕಾಲು ಮಡಚಿ ಹೊರೆಯನ್ನು ಹೊಟ್ಟೆಗೆ ಆನಿಸಿಕೊಂಡು ಏಳುವುದು, ದಿನಾ ನಡೆಯುವುದು. ಇವನ್ನು ಕಲಿಸದ ಚಿಕಿತ್ಸೆ ಅರ್ಧ ಚಿಕಿತ್ಸೆ.

ಇಷ್ಟೂ ಮಾತು ನಿಮ್ಮ ನೋವು ಸಾಧಾರಣ ಬೆನ್ನುನೋವು ಆಗಿದ್ದರೆ ಮಾತ್ರ. ಯಾರ ಕೈಗಾದರೂ ಬೆನ್ನು ಕೊಡುವ ಮೊದಲು ಬೇರೆ ಕೆಲವು ಕಾಯಿಲೆ ಇಲ್ಲವೆಂದು ಖಾತ್ರಿಯಾಗಬೇಕು. ನಾನು ಹೆಚ್ಚು ಹೆದರುವುದು ಇಲ್ಲಿಯೇ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪದ ಕಾಯಿಲೆಯಲ್ಲ. ಕೆಮ್ಮು ಇರಲೇಬೇಕೆಂದಿಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಬೆನ್ನಿನ ಒಂದೇ ಗೆಣ್ಣಿನ ಮೇಲೆ ಒತ್ತಿದರೆ ಸಹಿಸಲಾಗದಿರುವುದು ಅದರ ಗುರುತು. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯದ ಅಪಾಯ ಇನ್ನೂ ಹೆಚ್ಚು. ಕ್ಷಯ ತಿಂದ ಮೂಳೆಯನ್ನು ತಿರುವಿದರೆ ಕುಸಿದು ಕಾಲಿನ ಬಲವೇ ಹೋಗಬಹುದು. ಬೇಗ ಗೊತ್ತಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಉಚಿತ ಮಾತ್ರೆಗಳಿಂದಲೇ ಬಹುಪಾಲು ಗುಣವಾಗುವ ಕಾಯಿಲೆ ಇದು.

ಬಯಲುಸೀಮೆಯ ಬೋರ್ ನೀರಿನದು ಇನ್ನೊಂದು ಕಥೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು ಕುತ್ತಿಗೆ ಸೆಟೆದುಕೊಳ್ಳಬಹುದು. ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರುತ್ತದೆ. ಅಂಥ ಬೆನ್ನಿಗೆ ಬಲವಂತದ ತಿರುವು ಕೂಡದು. ನಿಮ್ಮೂರಿನಲ್ಲಿ ಹಲ್ಲು ಕಂದಿದ ಮಕ್ಕಳು, ಬೆನ್ನು ಬಾಗಿದ ಹಿರಿಯರು ಬಹಳ ಇದ್ದರೆ ಡಾಕ್ಟರಿಗೆ ಅದನ್ನೂ ಹೇಳಿ.

ಇನ್ನು ಒಂದು ದಿನವೂ ಕಾಯಬಾರದ ಲಕ್ಷಣಗಳು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಾಗದೆ ಹೋಗುವುದು, ಕೂರುವ ಜಾಗದಲ್ಲಿ ಸ್ಪರ್ಶ ಇಲ್ಲದಾಗುವುದು, ಎರಡೂ ಕಾಲು ಸೋಲುವುದು, ನಡೆಯುವಾಗ ಪಾದ ಎತ್ತಲಾಗದೆ ಚಪ್ಪಲಿ ಜಾರುವುದು. ಇವುಗಳಲ್ಲಿ ಒಂದು ಕಂಡರೂ ಎಣ್ಣೆ ನೀವಿಸುತ್ತಾ, ಆರ್‌ಎಂಪಿಯವರ ಹತ್ತಿರ ಸೂಜಿ ಚುಚ್ಚಿಸಿಕೊಳ್ಳುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಕರ್ನೂಲಿನ ಅಥವಾ ಬಳ್ಳಾರಿಯ ದೊಡ್ಡಾಸ್ಪತ್ರೆ ಸೇರಿ. ಈಗ ಆಂಧ್ರದಲ್ಲಿರುವ ಆಲೂರು, ಆದೋನಿ ಎರಡೂ 1953ರವರೆಗೆ ಬಳ್ಳಾರಿ ಜಿಲ್ಲೆಯವೇ ಆಗಿದ್ದವು. ರಾಜ್ಯದ ಗಡಿ ಬದಲಾದರೂ ಜನ ಕಾಯಿಲೆಗೆ ಬಳ್ಳಾರಿ ಬಸ್ಸು ಹತ್ತುವುದು ನಿಂತಿಲ್ಲ, ತುರ್ತಿನಲ್ಲಿ ಹತ್ತಿರ ಯಾವುದೋ ಅದೇ ಸರಿ.

ಇನ್ನು ಎಲ್ಲ ಪದ್ಧತಿ ಸೇರಿಸಿ ಕೊಡುವ ಚಿಕಿತ್ಸೆಯ ವಿಷಯ. ಇದರಲ್ಲಿ ನನಗೆ ನಂಬಿಕೆ ಇದೆ, ಅದಕ್ಕೆ ಕಾರಣವೂ ಇದೆ. ಕಾಸರಗೋಡಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ ಇದೆ. ಚರ್ಮವೈದ್ಯ ಡಾ. ಎಸ್.ಆರ್. ನರಹರಿ ಅವರು ಆಕ್ಸ್‌ಫರ್ಡಿನ ಟೆರೆನ್ಸ್ ರಯಾನ್ ಅವರಂಥವರ ಜೊತೆಗೂಡಿ ಅಲ್ಲಿ ಆನೆಕಾಲಿನ ಊತಕ್ಕೆ ಒಂದು ಚಿಕಿತ್ಸಾಕ್ರಮ ಕಟ್ಟಿದರು. ಕಾಲನ್ನು ಸೋಪಿನಿಂದ ತೊಳೆದು, ಬೆರಳಸಂದಿಯವರೆಗೂ ಒರೆಸಿ ಒಣಗಿಸುತ್ತಾರೆ. ಗಿಡಮೂಲಿಕೆಯ ಕಷಾಯದಲ್ಲಿ ನೆನೆಸುತ್ತಾರೆ. ಉಸಿರಾಟದೊಂದಿಗೆ ಹೊಂದಿಸಿದ ಯೋಗದ ಚಲನೆ ಮಾಡಿಸುತ್ತಾರೆ. ನಿಂತ ದ್ರವ ಮೇಲಕ್ಕೆ ಹರಿಯುವಂತೆ ಪಾದದಿಂದ ತೊಡೆಯತ್ತ ಎಣ್ಣೆ ನೀವುತ್ತಾರೆ, ಮೇಲೆ ಬಿಗಿಯಾದ ಪಟ್ಟಿ ಸುತ್ತುತ್ತಾರೆ. ಚರ್ಮದ ಬಿರುಕಿನಿಂದ ಸೋಂಕು ಒಳಹೋಗುವುದನ್ನು ಆಧುನಿಕ ಔಷಧಿಯಿಂದ ತಡೆಯುತ್ತಾರೆ. ಕಾಲಿನ ಗಾತ್ರ ಅಳೆದು ಬರೆದಿಡುತ್ತಾರೆ. ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಬಡವರು ಮನೆಯಲ್ಲೇ ಮಾಡಿಕೊಳ್ಳುವಂತೆ ಇದನ್ನು ಕಲಿಸಿ, ಬಂದ ಫಲಿತಾಂಶವನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಚರ್ಮವೈದ್ಯರು, ಆಯುರ್ವೇದ ವೈದ್ಯರು, ಯೋಗ ಕಲಿಸುವವರು ಒಂದೇ ರೋಗಿಯ ಸುತ್ತ ಕೂತು, ಯಾವುದು ಯಾವಾಗ ಎಷ್ಟು ಎಂದು ತೀರ್ಮಾನಿಸಿ, ಅಳೆದು ನೋಡಿದ ಕೆಲಸವಿದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಹೀಗೆ ಪದ್ಧತಿಗಳನ್ನು ಸೇರಿಸಿ ಚಿಕಿತ್ಸೆ ಕೊಡುವ ವಿಭಾಗವಿದೆ.

ನಿಮ್ಮ ಸೀಮೆಗೆ ಆಯುರ್ವೇದವೇನೂ ಹೊಸದಲ್ಲ. ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ, 1942ರಲ್ಲಿ ತೀರಿಕೊಂಡ ಪಂಡಿತ ತಾರಾನಾಥರು ರೋಗಿಗಳನ್ನು ಆಶ್ರಮದಲ್ಲೇ ಇರಿಸಿಕೊಂಡು ಚಿಕಿತ್ಸೆ ಮಾಡುತ್ತಿದ್ದರು. ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜಿಗೆ ಅವರದೇ ಹೆಸರು. ಆಯುರ್ವೇದದ ಭಾಗ ಬೇಕೆಂದರೆ ಗುರುತಿಲ್ಲದ ಬೋರ್ಡಿನ ಕಡೆ ಹೋಗುವ ಬದಲು ಆ ಕಾಲೇಜಿನ ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ ಎಂಬುದು ನನ್ನ ಸಲಹೆ.

ಆದರೆ ಅಲ್ಲಿಯಾಗಲಿ ಇಲ್ಲಿಯಾಗಲಿ, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದೆ ನಡೆಯಬಾರದು. ಬಿ.ಪಿ. ಇರುವವರು ಜ್ಯೇಷ್ಠಮಧು ಹೆಚ್ಚಿರುವ ಕಷಾಯವನ್ನು ದಿನಾ ಕುಡಿದರೆ ಬಿ.ಪಿ. ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಸಕ್ಕರೆ ಮಾತ್ರೆಯ ಮೇಲೆ ಸಕ್ಕರೆ ಇಳಿಸುವ ಪುಡಿಯೂ ಬಿದ್ದರೆ ಹೊಲದಲ್ಲೇ ಬೆವರಿ ಕುಸಿಯಬಹುದು. ಹೆಸರು, ಲೈಸೆನ್ಸ್ ನಂಬರ್, ತಯಾರಿಸಿದ ತಾರೀಕು ಯಾವುದೂ ಇಲ್ಲದೆ ಪೊಟ್ಟಣದಲ್ಲಿ ಕಟ್ಟಿಕೊಡುವ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯವಾಗಿ, ಊಟ ರುಚಿಸಿ, ತಿಂಗಳಲ್ಲಿ ಮುಖ ಊದಿಕೊಂಡು ಸಕ್ಕರೆ ಗಗನಕ್ಕೇರಿದರೆ ಅದನ್ನೇ ಅನುಮಾನಿಸಿ. ಆಗ ದಿಢೀರನೆ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ಪೊಟ್ಟಣ ತೋರಿಸಿಯೇ ಬಿಡಬೇಕು.

ಇಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕೆಲಸ ಮಾಡಿದ ವೈದ್ಯ ರಾಬರ್ಟ್ ಸೇಪರ್ ಅವರ ಹೆಸರು ಹೇಳಬೇಕು. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ, ಅವುಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದೆ ಎಂದು 2004ರಲ್ಲಿ ತೋರಿಸಿದವರು ಅವರು. ಬಹುಕಾಲದ ಸೊಂಟನೋವಿಗೆ ಯೋಗ ಫಿಜಿಯೋಥೆರಪಿಗೆ ಸಮನಾಗಿ ನಿಲ್ಲುತ್ತದೆ ಎಂದು 320 ಜನರ ಮೇಲೆ ಪರೀಕ್ಷಿಸಿ 2017ರಲ್ಲಿ ತೋರಿಸಿದವರೂ ಅವರೇ. ದೋಷವನ್ನೂ ಗುಣವನ್ನೂ ಹೀಗೆ ಪರೀಕ್ಷಿಸಿ ಹೇಳುವುದೇ ಒಂದು ನಾಡಿನ ವೈದ್ಯಪರಂಪರೆಯನ್ನು ಗೌರವಿಸುವ ಬಗೆ ಎಂದು ನಾನು ತಿಳಿದಿದ್ದೇನೆ.

ಚಿಕಿತ್ಸಾಲಯದಲ್ಲಿ ಕೇಳಲು ಸಂಕೋಚ ಪಡಬೇಡಿ. ‘ಸಾರ್, ತಾವು ಓದಿದ್ದು ಯಾವುದು, ಯಾವ ಕೌನ್ಸಿಲ್‌ನಲ್ಲಿ ನೋಂದಣಿ?’ ಎಂದು ವಿನಯದಿಂದಲೇ ಕೇಳಬಹುದು. ಎಂಬಿಬಿಎಸ್ (ಆಧುನಿಕ ವೈದ್ಯ), ಬಿಎಎಂಎಸ್ (ಆಯುರ್ವೇದ), ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗ), ಬಿಪಿಟಿ (ಫಿಜಿಯೋಥೆರಪಿ) ಇವು ಒಂದೊಂದೂ ಬೇರೆ ಬೇರೆ ಓದು. ಸರಿಯಾಗಿ ಓದಿದವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಕಾಯಿದೆಯಂತೆ ಕೆಪಿಎಂಇ ನೋಂದಣಿ ಪಡೆದಿರಬೇಕು, ಆ ನಂಬರನ್ನೂ ನೋಡಿ. ಒಂದು ಪದ್ಧತಿ ಓದಿದವರು ತಮಗೆ ಅಧಿಕಾರವಿಲ್ಲದ ಇನ್ನೊಂದು ಪದ್ಧತಿಯ ಔಷಧಿ ಕೊಡುವುದು ನಿರ್ಲಕ್ಷ್ಯವೇ ಎಂದು 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೋಮಿಯೋಪತಿ ಓದಿದವರು ಜ್ವರಕ್ಕೆ ಇಂಗ್ಲಿಷ್ ಔಷಧಿ ಕೊಟ್ಟು ರೋಗಿ ತೀರಿಕೊಂಡ ಪ್ರಕರಣವದು. ಸಕ್ಕರೆ ಕಾಯಿಲೆಯನ್ನೂ ಬುಡಸಮೇತ ಕಿತ್ತು ಹಾಕುತ್ತೇವೆ ಎಂಬ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಅಂಥ ಮಾತು ಬೋರ್ಡಿನಲ್ಲೇ ಇದ್ದರೆ ಒಳಗೆ ಹೋಗುವ ಅಗತ್ಯವಿಲ್ಲ.

ಅವ್ವನ ವಿಷಯದಲ್ಲಿ ನನ್ನ ಉತ್ತರ ಗಟ್ಟಿಯಾಗಿದೆ: ಕುತ್ತಿಗೆಯನ್ನು ಝಟ್ಟನೆ ತಿರುವಿಸಬೇಡಿ. ಕುತ್ತಿಗೆಯ ಮೂಳೆಗಳ ತೂತಿನೊಳಗಿಂದ ಮೆದುಳಿಗೆ ರಕ್ತನಾಳ ಹೋಗುತ್ತದೆ. ತಿರುವಿದಾಗ ಅದರ ಒಳಪದರ ಸೀಳಿ ಪಾರ್ಶ್ವವಾಯು ಆದದ್ದುಂಟು. ಅಪರೂಪ ನಿಜ, ಆದರೆ ಒಮ್ಮೆ ಆಯಿತೆಂದರೆ ಹಿಂದಕ್ಕೆ ಬರುವಂಥದಲ್ಲ. ವಯಸ್ಸಾದ ಹೆಂಗಸರ ಮೂಳೆ ಟೊಳ್ಳಾಗಿರುವ ಸಾಧ್ಯತೆಯೂ ಹೆಚ್ಚು. ತಲೆಕ್ಷೌರದ ಕುರ್ಚಿಯಲ್ಲಿ ಕುತ್ತಿಗೆಯ ನೆಟಿಗೆ ತೆಗೆಸುವುದಕ್ಕೂ ಇದೇ ಮಾತು, ನೀವೂ ಅದನ್ನು ಬಿಟ್ಟುಬಿಡಿ. ಅವ್ವನಿಗೆ ಕೈ ಜೋಮು ಹಿಡಿಯುತ್ತಿದ್ದರೆ, ನಡೆಯುವಾಗ ತೂರಾಡುತ್ತಿದ್ದರೆ, ರವಿಕೆಯ ಗುಂಡಿ ಹಾಕಲು ಬೆರಳು ತಡವರಿಸುತ್ತಿದ್ದರೆ ಮೂಳೆ ಅಥವಾ ನರದ ಡಾಕ್ಟರಿಗೆ ಬೇಗ ತೋರಿಸಿ. ಇವು ಯಾವುವೂ ಇಲ್ಲದಿದ್ದರೆ ಹದವಾದ ಶಾಖ, ಮೆಲ್ಲನೆ ಎಣ್ಣೆ ನೀವುವುದು, ಫಿಜಿಯೋಥೆರಪಿಯವರು ಕಲಿಸುವ ಸಣ್ಣ ವ್ಯಾಯಾಮ ಸಾಕು.

ಶಾಖ ಎಂದಾಗ ನಿಮಗೂ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ಬಿಸಿ ಪೊಟ್ಟಣ, ಹಬೆ, ಇಟ್ಟಿಗೆ ಶಾಖ ಯಾವುದನ್ನೂ ಕಾಲಿಗೆ ಇಡಿಸುವ ಮೊದಲು ಮೊಣಕೈಗೆ ತಾಗಿಸಿ ನೋಡಲು ಹೇಳಿ. ಗೊತ್ತಾಗದೆ ಸುಟ್ಟ ಗಾಯ ಕೊನೆಗೆ ಬೆರಳು ತೆಗೆಸುವವರೆಗೆ ಹೋಗಬಹುದು.

ಹೋಗುವ ದಿನ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಲೇಹ್ಯಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಸ್ಕ್ಯಾನಿಂಗ್ ಫಿಲ್ಮು ಮರೆಯಬೇಡಿ. ಹಣ ಒಂದೊಂದು ಸಲದ್ದು ಆಗಾಗಲೇ ಕೊಡಿ, ರಸೀದಿ ಪಡೆಯಿರಿ. ನಾಲ್ಕಾರು ಸಲದೊಳಗೆ ನಡಿಗೆ, ನಿದ್ದೆ, ಹೊಲದ ಕೆಲಸ ಯಾವುದರಲ್ಲೂ ಸುಧಾರಣೆ ಕಾಣದಿದ್ದರೆ ನಿಲ್ಲಿಸಿ. ಮುಂದೆ ನಿಜವಾಗಿಯೂ ಆಪರೇಷನ್ ಬೇಕೆಂಬ ಮಾತು ಬಂದರೆ ಆಂಧ್ರ ಸರ್ಕಾರದ ಎನ್‌ಟಿಆರ್ ವೈದ್ಯಸೇವೆ ಯೋಜನೆಯ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಆದೋನಿ ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಕೊಂಡೇ ಹೊರಡಿ.